ಕುರಿ ರಕ್ತದ ಪರೀಕ್ಷೆ

ಶನಿವಾರ ಸಂಜೆ ಮಿಲ್ಲಿನಿಂದ ಬಂದ ನಮ್ಮ ಯಜಮಾನರು ಮುದ್ದೆ ಮುರಿದು ಬಾಯಿಗಿಟ್ಟು ಹಾಗೇ ಕೂತುಬಿಟ್ಟರು. ನುಂಗಲು ಆಗಲಿಲ್ಲ. ಮುಟ್ಟಿ ನೋಡಿದರೆ ಮೈ ಕಾದ ಹೆಂಚು. ಕುತ್ತಿಗೆಯ ಎರಡೂ ಪಕ್ಕ ಗಂಟುಗಳು.

ಯುದ್ಧದ ಕಾಲ. ಇವರು ವಾರವಿಡೀ ಬೆಂಗಳೂರಿನ ಮಿಲ್ಲಿನಲ್ಲಿ ದುಡಿದು ಶನಿವಾರ ಮಾತ್ರ ಹತ್ತಿರದ ನಮ್ಮ ಹಳ್ಳಿ ಮಧುರೆಗೆ ಬರುತ್ತಿದ್ದರು. ಹತ್ತು ದಿನವಾದರೂ ಜ್ವರ ಬಿಡದಿದ್ದಾಗ ಪೆಟ್ರೋಲಿಲ್ಲದೆ ಇದ್ದಿಲಿನಲ್ಲೇ ಓಡುತ್ತಿದ್ದ ಬಸ್ಸಿನಲ್ಲಿ ಬೆಂಗಳೂರಿಗೇ ಕರೆದುಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದೆ. ರಕ್ತ ತೆಗೆದರು.

ಮೂರನೇ ದಿನ ಚಿಕ್ಕ ಡಾಕ್ಟರು ನನ್ನನ್ನು ವರಾಂಡಕ್ಕೆ ಕರೆದರು. ರಿಪೋರ್ಟು ನೋಡುತ್ತಲೇ ಮಾತಾಡಿದರು, ನನ್ನ ಮುಖ ನೋಡಲಿಲ್ಲ.

"ಸಿಫಿಲಿಸ್ ಟೆಸ್ಟು ಪಾಸಿಟಿವ್ ಬಂದಿದೆಯಮ್ಮ. ಕೆಟ್ಟ ಸಹವಾಸದಿಂದ ಬರೋ ಕಾಯಿಲೆ. ನಿಮ್ಮ ರಕ್ತಾನೂ ನೋಡ್ಬೇಕು."

ನನ್ನ ರಕ್ತ ಕೊಟ್ಟು, ಒಳಗೆ ಹೋಗಿ ಇವರಿಗೆ ಹೇಳಿದೆ.

"ನಾನು ಯಾರ ಮನೆ ಬಾಗಿಲಿಗೂ ಹೋಗಿಲ್ಲ ಕಣೇ," ಅಂದರು ಇವರು. ಗಂಟಲು ಊದಿ ಸ್ವರವೇ ಹೊರಡುತ್ತಿರಲಿಲ್ಲ. ಎರಡು ದಿನ ಗಂಜಿ ಕುಡಿಸಿದೆ. ಬೆವರು ಒರೆಸಿದೆ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದರೆ ಮನಸ್ಸು ಮಾತ್ರ, ವಾರದಲ್ಲಿ ಆರು ದಿನ ಕಣ್ಣಿಗೆ ಕಾಣದ ಗಂಡನ ವಿಷಯ ನಿನಗೆ ಗೊತ್ತಿರುವುದಾದರೂ ಏನು ಎಂದು ಕೇಳುತ್ತಲೇ ಇತ್ತು.

ಆಮೇಲೆ ದೊಡ್ಡ ಡಾಕ್ಟರು ಬಂದರು. ಕುತ್ತಿಗೆ, ಕಂಕುಳು, ಹೊಟ್ಟೆ ಒತ್ತಿ ನೋಡಿದರು. "ನಿಮ್ಮ ರಕ್ತದಲ್ಲಿ ಏನೂ ಇಲ್ಲಮ್ಮ. ಇವರದ್ದು ಬೇರೆ ಥರ ಕಾಣುತ್ತೆ. ಕುರಿ ರಕ್ತದ ಟೆಸ್ಟು ಮಾಡೋಣ."

"ಇವರಿಗೆ ಕುರಿ ರಕ್ತ ಹಾಕ್ತೀರಾ ಸ್ವಾಮಿ?"

ನಕ್ಕರು. "ಇಲ್ಲಮ್ಮ. ಇವರ ರಕ್ತದ ತಿಳೀನ ಕುರಿ ರಕ್ತದ ಜೊತೆ ಕೊಳವೇಲಿ ಬೆರೆಸ್ತೀವಿ. ಗರಣೆ ಕಟ್ಟಿದ್ರೆ ಗ್ರಂಥಿ ಜ್ವರ, ಕುತ್ತಿಗೇಲಿ ಗಂಟು ಊದೋ ಸಾಧಾರಣ ಜ್ವರ. ಈ ಜ್ವರ ಬಂದಾಗ ಆ ಇನ್ನೊಂದು ಟೆಸ್ಟು ಸುಳ್ಳು ಹೇಳೋದುಂಟು."

ಮಾರನೇ ದಿನ ಕೊಳವೆಗಳನ್ನು ತಂದು ತೋರಿಸಿದರು. ಸಾಲಾಗಿ, ತಳದಲ್ಲಿ ಕೆಂಪು ಗರಣೆ.

ಗ್ರಂಥಿ ಜ್ವರವೇ.

ಔಷಧಿ ಬೇಕಿಲ್ಲ, ವಿಶ್ರಾಂತಿ ಸಾಕು, ಹೊಟ್ಟೆಯ ಎಡಗಡೆಯ ಗುಲ್ಮ ಊದಿದೆ, ಭಾರ ಎತ್ತಬಾರದು ಎಂದರು. ನಾನು ವಾರ್ಡಿನ ನಡುವೆಯೇ ಅತ್ತುಬಿಟ್ಟೆ.

ಊರಿಗೆ ಬರುವಾಗ ಬಸ್ಸಿನಲ್ಲಿ ಹೇಳಿದೆ, "ನಿಮ್ಮ ಮಾತು ನಾನು ನಂಬಲಿಲ್ಲ."

"ನಾನೇ ಡಾಕ್ಟರ ಮಾತು ನಂಬಿಬಿಟ್ಟಿದ್ದೆ," ಅಂದರು. "ಹೇಗೋ ಬಂದಿರ್ಬೇಕು, ನಿಂಗೂ ಅಂಟಿಸಿರ್ತೀನಿ ಅಂತ ಹೆದರ್ಕೊಂಡಿದ್ದೆ."

ಈಗ ಗಂಟುಗಳು ಇಳಿದಿವೆ. ಆ ಮೊದಲ ಟೆಸ್ಟು ಹೇಳಿದ್ದು ಸುಳ್ಳೇ ಎಂದು ಖಚಿತವಾಗಲು ಮೂರು ತಿಂಗಳ ಮೇಲೆ ಮತ್ತೊಮ್ಮೆ ಆಗಬೇಕಂತೆ. ಒಳಗೆಲ್ಲೋ ಸ್ವಲ್ಪ ಭಯ ಇದೆ, ಇಲ್ಲವೆನ್ನಲಾರೆ. ಜೊತೆಯಲ್ಲೇ ಹೋಗುತ್ತೇನೆ. ರಿಪೋರ್ಟು ಏನೇ ಹೇಳಲಿ, ಈ ಸಲ ಮೊದಲು ಇವರನ್ನು ಕೇಳುತ್ತೇನೆ.