ಡ್ರೈವರ್ ಕೂರುವ ಜಾಗ

ಮಧುವನಹಳ್ಳಿಯ ನಮ್ಮ ನೆರೆಯವರು ರೈಲು ಎಂಜಿನ್ ವಿನ್ಯಾಸ ಮಾಡುವ ಎಂಜಿನಿಯರ್ ಆಗಿದ್ದರು. ನಮ್ಮ ಕೊಳ್ಳೇಗಾಲ ತಾಲ್ಲೂಕಿಗೋ ರೈಲೇ ಇಲ್ಲ. ಅವರು ಯಾವ ಆಟೊ ಹತ್ತಿದರೂ ಡ್ರೈವರ್ ಸೀಟನ್ನು ಅಂಗೈಯಿಂದ ಒತ್ತಿ, "ಬೆನ್ನು ನೋಯ್ತದಾ?" ಎಂದು ಕೇಳುತ್ತಿದ್ದರು. ನಿವೃತ್ತರಾಗಿ ಬಂದ ಮೇಲೆ, ರೈಲನ್ನೇ ಕಾಣದ ತಮ್ಮ ತಾಯಿಯನ್ನು ಚಾಮರಾಜನಗರದ ಸ್ಟೇಷನ್ನಿಗೆ ಕರೆದೊಯ್ದರು. ಜೊತೆಗೆ ನಾನೂ ಹೋಗಿದ್ದೆ.

ಎಂಜಿನ್ ಎದುರು ನಿಂತ ತಾಯಿ ಕೇಳಿದರು: "ಇಷ್ಟ್ ದೊಡ್ಡದ ನೀನೊಬ್ನೇ ಮಾಡ್ದ್ಯಾ ಮಗಾ?"

ಅವರು ಸಂಕೋಚದಿಂದ ತಲೆ ತಗ್ಗಿಸಿದರು. "ಇಲ್ಲ ಕಣವ್ವಾ. ತುಂಬಾ ಜನ ಸೇರಿ ಮಾಡುದ್ದು. ನಂದು ಡ್ರೈವರ್ ಕೂರೋ ಜಾಗ ಮಾತ್ರ."

ತಾಯಿ ಕಿಟಕಿಯಲ್ಲಿದ್ದ ಡ್ರೈವರ್‌ನನ್ನು ಕೇಳಿದರು: "ಕೂರಾಕೆ ಸಂದಾಗದಾ ಕಂದಾ?"

"ಚೆನ್ನಾಗಿದೆ ಅಮ್ಮಾ. ಹಳೇ ಎಂಜಿನ್‌ಗಿಂತ ಎಷ್ಟೋ ವಾಸಿ."

ರೈಲು ಹೊರಟುಹೋಯಿತು. ಮಗ "ಓಗವಾ ಅವ್ವಾ?" ಎಂದರೂ ತಾಯಿ ಬೆಂಚಿನಿಂದ ಏಳಲಿಲ್ಲ.

"ಇನ್ನೊಂದು ಬರಗಂಟ ಇರು ಕಣ್ಲಾ. ಆ ಡ್ರೈವರ್‌ನೂ ಕೇಳ್ಬುಟ್ಟು ಓಗವ."