ಕಿವಿ ಕಾಣದ ಫೋಟೋ

ಗಂಗವ್ವ ಕಾಕುವಿನ ಕಿವಿಗಳನ್ನು ನಾನು ಮೊದಲ ಸಲ ನೋಡಿದ್ದು ಬೆಟಗೇರಿಯ ಒಂದು ಫೋಟೋ ಸ್ಟುಡಿಯೋದಲ್ಲಿ. ಹದಿನಾರು ವರ್ಷದಿಂದ ಅವರು ನಮ್ಮ ಎದುರು ಮನೆಯವರು. ತಲೆಯ ಮೇಲಿನ ಸೆರಗು ಒಮ್ಮೆಯೂ ಜಾರಿದ್ದು ಕಂಡಿರಲಿಲ್ಲ. ಅವತ್ತು ಸರಿಸಿದವಳು ನಾನೇ.

“ಇವ್ರ ಮುಂದ ಹಿಂಗ ಕುಂಡ್ರಾಕ ನಾಚಿಕಿ ಬರ್ತೈತಿ” ಎಂದರು ಕಾಕು, ಗಂಡನತ್ತ ಕೈ ಮಾಡಿ.

“ಮದುವಿಯಾಗಿ ನಲವತ್ತೆರಡು ವರ್ಷಾತು, ಈಗೇನ್ ನಾಚಿಕಿ? ಸರ್ಕಾರಕ್ಕ ನಿನ್ನ ಕಿವಿ ಬೇಕಂತ, ತೋರಿಸಿಬಿಡು” ಎಂದರು ಈರಪ್ಪ ಕಾಕಾ.

ಕಾಕಾ ಮುಂಡರಗಿ ಕಡೆಯ ಹಿರೇವಡ್ಡಟ್ಟಿಯವರು. ಸೈನ್ಯದಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಮಾಜಿ ಸೈನಿಕರಿಗೂ ಅವರ ಹೆಂಡತಿಯರಿಗೂ ಆರೋಗ್ಯದ ಕಾರ್ಡ್ ಸಿಗುತ್ತದಲ್ಲ, ಅದಕ್ಕೆ ಹೆಸರು ಹಚ್ಚಿರಲೇ ಇಲ್ಲ. (ಮೈ ಗಟ್ಟಿ ಇದ್ದಾಗ ಆಸ್ಪತ್ರೆಯ ಕಾಗದ ಯಾರು ಹುಡುಕುತ್ತಾರೆ?) ಕಣ್ಣಿನೊಳಗೆ ಒತ್ತಡ ಏರಿ ಕಾಕುವಿನ ಬಲಗಣ್ಣು ಹೋಯಿತು. ಆಮೇಲೆ ಅರ್ಜಿ ಹಾಕಿದರು. ಎಡಗಣ್ಣಿಗೆ ಆಪರೇಷನ್ ಆಗಬೇಕಿತ್ತು.

“ಇದ್ದದ್ದು ಉಳಸಬಹುದು, ಹೋದದ್ದು ತಿರುಗಿ ಬರಂಗಿಲ್ಲ. ತಡಾ ಮಾಡಬ್ಯಾಡ್ರಿ” ಎಂದಿದ್ದರು ಡಾಕ್ಟರು.

ಅರ್ಜಿ ಆನ್‌ಲೈನ್. ಕಾಕಾನದು ಬಟನ್ ಫೋನು, ಹಾಗಾಗಿ ನನ್ನ ನಂಬರ್ ಕೊಟ್ಟೆವು. ನನಗೆ ಎಲ್ಲವನ್ನೂ ಕ್ಯಾಲೆಂಡರಿನಲ್ಲಿ ಬರೆದಿಡುವ ಚಟ. ನಳ ಬಂದ ದಿನ, ಹಾಲು ತಪ್ಪಿದ ದಿನ, ಗ್ಯಾಸ್ ಬುಕ್ ಮಾಡಿದ ದಿನ, ಎಲ್ಲ ಅಡುಗೆಮನೆ ಗೋಡೆಯ ಮೇಲೆ. ಕಾಕುವಿನ ಅರ್ಜಿಯೂ ಅಲ್ಲೇ ಸೇರಿತು.

ಏಳು ವಾರಕ್ಕೆ ಮೊದಲ ಸಲ ವಾಪಸ್: ಫೋಟೋದಲ್ಲಿ ಹೆಂಡತಿಯ ಕಿವಿ ಕಾಣುತ್ತಿಲ್ಲ. ಸ್ಟುಡಿಯೋಕ್ಕೆ ಹೋಗಿದ್ದು ಅದಕ್ಕೇ. ಮತ್ತೆ ಆರು ವಾರ ಬಿಟ್ಟು ವಾಪಸ್. ಕಾಕುವಿನ ಹುಟ್ಟಿದ ವರ್ಷ ಆಧಾರಿನಲ್ಲಿ ಒಂದು, ಸೈನ್ಯದ ದಾಖಲೆಯಲ್ಲಿ ಇನ್ನೊಂದು. ಅಫಿಡವಿಟ್ ಮಾಡಿಸಿದೆವು. ಮುಂದೆ ಎಂಟು ವಾರ. ಈ ಸಲ ಕಾಕಾನ ಸಹಿ ಚೌಕದ ಗೆರೆಗೆ ತಾಗಿತ್ತಂತೆ.

ಈ ಮೂರೂ ತಪ್ಪು ಮೊದಲ ದಿನ ಕಳಿಸಿದ ಕಾಗದದಲ್ಲೇ ಇದ್ದವು. ಅವತ್ತೇ ಮೂರನ್ನೂ ಹೇಳಿದ್ದರೆ ಏನಾಗುತ್ತಿತ್ತು? ಒಂದು ತಪ್ಪು ಕಂಡ ಕೂಡಲೇ ಓದುವುದನ್ನು ನಿಲ್ಲಿಸಿ ವಾಪಸ್ ಮಾಡುವುದು. ತಿದ್ದಿ ಕಳಿಸಿದರೆ ಮತ್ತೆ ಪಾಳಿಯ ಕೊನೆಗೆ ನಿಲ್ಲಿಸುವುದು. ಇದನ್ನು ಪರಿಶೀಲನೆ ಅನ್ನಬೇಕೇ?

ನಮ್ಮಪ್ಪ ಮಗ್ಗದವರು. ನೇಯ್ದ ಸೀರೆ ಒಯ್ದಾಗ ಸಾವಕಾರ ಅದನ್ನು ಅಂಚಿನಿಂದ ಸೆರಗಿನವರೆಗೆ ಪೂರಾ ಬಿಚ್ಚಿ, ಬೆಳಕಿಗೆ ಹಿಡಿದು ನೋಡುತ್ತಿದ್ದ. ತಪ್ಪಿದ್ದಲ್ಲೆಲ್ಲ ಸೀಮೆಸುಣ್ಣದ ಗುರುತು. ಮಾತು ಒರಟು. ಆದರೆ ಹೇಳುವುದನ್ನು ಒಂದೇ ಸಲಕ್ಕೆ ಹೇಳುತ್ತಿದ್ದ. ಅಷ್ಟು ಸಾಕಿತ್ತು ನಮಗೂ.

ನಡುವೆ ಒಮ್ಮೆ ಕಾಕಾಗೆ ಹೇಳಿದ್ದೆ, “ಕಾರ್ಡಿನ ದಾರಿ ಕಾಯಬ್ಯಾಡ್ರಿ. ಹುಬ್ಬಳ್ಳಿಗೆ ಹೋಗಿ ನಾವ ರೊಕ್ಕಾ ಕೊಟ್ಟು ಆಪರೇಷನ್ ಮಾಡಿಸಿಬಿಡೂಣು.”

“ಇಷ್ಟ್ ದಿನಾ ಕಾದೀವಿ, ಇನ್ನೊಂದು ವಾರದಾಗ ಬರ್ತೈತಿ ತಂಗಿ. ಆರ್ಡರ್ ಬರೂತನಕಾ ನಿಂತಲ್ಲೇ ನಿಲ್ಲಾಕ ಕಲಿಸ್ಯಾರ ನಮಗ.”

ನಾನು ಒತ್ತಾಯ ಮಾಡಲಿಲ್ಲ. ಫೋನು ‘ಪರಿಶೀಲನೆಯಲ್ಲಿದೆ’ ಅನ್ನುತ್ತಿತ್ತು. ನಾನೂ ನಂಬಿದೆ. ಈಗ ಆ ಕ್ಯಾಲೆಂಡರ್ ಹಾಳೆ ತಿರುವಿದರೆ ಕೈ ತಡೆಯುತ್ತದೆ. ಕಾಕು ಮೊದಲು ಅಕ್ಕಿಯ ಹರಳು ಆರಿಸುವುದು ಬಿಟ್ಟರು. ಆಮೇಲೆ ನಮ್ಮ ಮನೆಗೆ ಒಬ್ಬರೇ ದಾಟಿ ಬರುವುದು ಬಿಟ್ಟರು. ಹೋದ ತಿಂಗಳು ಡಾಕ್ಟರು ಅಂದರು, “ಇನ್ನ ಆಪರೇಷನ್ ಮಾಡಿದ್ರೂ ಉಪಯೋಗಿಲ್ರಿ.”

ಕಳೆದ ಗುರುವಾರ ಕಾರ್ಡ್ ಬಂತು. ಎಲ್ಲ ಸರಿಯಾಗಿದೆ. ಹೆಸರು, ಹುಟ್ಟಿದ ವರ್ಷ, ಫೋಟೋ. ಕಾಕಾ ಒಂದು ಸಲ ನೋಡಿ ನನ್ನ ಕೈಗೆ ಕೊಟ್ಟರು. ನಾನು ಕಾಕುವಿನ ಕೈಯಲ್ಲಿಟ್ಟೆ.

ಅವರು ಸೆರಗು ಸರಿಮಾಡಿಕೊಂಡು, ಬೆರಳಿನಿಂದ ಕಾರ್ಡನ್ನು ಸವರುತ್ತ ಕೇಳಿದರು: “ನನ್ನ ಕಿವಿ ಛಲೋ ಕಾಣ್ತಾವೇನವಾ?”