ಐದನೆಯ ಗುಡ್ಡದ ಹೆಗಲು

ಕ್ಯಾಲೆಂಡರ್ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಫೋಟೊ ತಿದ್ದುವ ಆಕೆಯನ್ನು ಎಲ್ಲರೂ ಮಬ್ಬಕ್ಕ ಎನ್ನುತ್ತಿದ್ದರು. ಬೆಟ್ಟಗುಡ್ಡಗಳ ಚಿತ್ರಕ್ಕೆ ಕವಿದ ಮಬ್ಬನ್ನು ಕಂಪ್ಯೂಟರಿನಲ್ಲಿ ತೆಗೆಯುವುದು ಅವಳ ಕೆಲಸ. ಮಬ್ಬು ಎಂದರೆ ಪೆದ್ದು ಎಂದೂ ಆಗುತ್ತದಲ್ಲ ಎಂದು ಹೊಸಬರು ಮುಸಿಮುಸಿ ನಕ್ಕರೆ, ಇಪ್ಪತ್ತು ವರ್ಷ ಒಂದೇ ಕುರ್ಚಿಯಲ್ಲಿ ಕೂತವಳಿಗೆ ಅದೂ ಒಪ್ಪುತ್ತದೆ ಎಂದು ಅವಳೇ ಸೇರಿಸುತ್ತಿದ್ದಳು.

ಅವಳನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಗುಡ್ಡಸಾಲಿನ ಆಚೆಯ ಊರಿನ ಆಸ್ಪತ್ರೆಯಲ್ಲಿ ನರ್ಸು. ಒಬ್ಬಳಿಗೆ ರಜೆ ಸಿಕ್ಕಾಗ ಇನ್ನೊಬ್ಬಳಿಗೆ ಸಿಗದೆ, ಮೂರು ವರ್ಷದಿಂದ ಮುಖ ನೋಡಿರಲಿಲ್ಲ. ಫೋನಿನಲ್ಲಿ ಊಟವಾಯಿತೇ ಎಂದು ಕೇಳುವಷ್ಟರಲ್ಲಿ ಅಕ್ಕನನ್ನು ಯಾರೋ ಕರೆಯುತ್ತಿದ್ದರು.

ಒಂದು ದಿನ ವಯಸ್ಸಾದ ಫೋಟೊಗ್ರಾಫರ್ ಒಬ್ಬರು ಅದೇ ಗುಡ್ಡಸಾಲಿನ ಚಿತ್ರ ತಂದುಕೊಟ್ಟರು. ಒಂದರ ಹಿಂದೆ ಒಂದು, ಐದು ಗುಡ್ಡ. ಮಬ್ಬಕ್ಕ ಮಬ್ಬು ತೆಗೆಯುತ್ತ ಹೋದಳು. ಸಾಕು ಎನ್ನುವ ಕಡೆ ಕೈ ನಿಲ್ಲಲಿಲ್ಲ. ಕೊನೆಗೆ ಐದನೆಯ ಗುಡ್ಡದ ಹೆಗಲ ಮೇಲೆ ಬಿಳಿ ಚುಕ್ಕೆಯೊಂದು ಮೂಡಿತು. ಅಕ್ಕನ ಊರಿನ ನೀರಿನ ಟ್ಯಾಂಕು. ಊಟದ ಡಬ್ಬಿ ಬಿಚ್ಚುವುದನ್ನೂ ಮರೆತು ಅವಳು ಅದನ್ನೇ ನೋಡುತ್ತ ಕೂತಳು.

ಸಂಜೆ ಬಂದ ಫೋಟೊಗ್ರಾಫರ್ ಕನ್ನಡಕ ಏರಿಸಿ ಪರದೆಗೆ ಬಗ್ಗಿದರು.

"ಏನಮ್ಮಾ ಇದು, ಐದು ಗುಡ್ಡಾನೂ ಒಂದೇ ಗೋಡೆಗೆ ಅಂಟಿಸಿದ ಹಾಗಿದೆ. ದೂರ ಎಲ್ಲಿ ಹೋಯ್ತು?"

"ದೂರ ಬೇಡ ಅನ್ನಿಸ್ತು ಸಾರ್," ಎಂದಳು. "ಅಲ್ಲಿ ನಮ್ಮಕ್ಕ ಇದ್ದಾಳೆ."

ಅವರು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು. ಇಬ್ಬರೂ ಸೇರಿ ಮೊದಲ ಗುಡ್ಡವನ್ನು ಕಪ್ಪಗೆ, ಚೊಕ್ಕವಾಗಿ ಉಳಿಸಿದರು. ಎರಡನೆಯದಕ್ಕೆ ಒಂದಿಷ್ಟು ಮಬ್ಬು ಬಿಟ್ಟರು, ಹಿಂದಿನವಕ್ಕೆ ಇನ್ನಷ್ಟು. ಕೊನೆಯದು ಆಕಾಶಕ್ಕಿಂತ ಒಂದೆಳೆ ಹೆಚ್ಚು ನೀಲಿಯಾಗಿ ನಿಂತಿತು. ಈಗ ಕಣ್ಣು ತಾನಾಗಿ ಒಳಕ್ಕೆ ನಡೆಯುತ್ತಿತ್ತು. ಚಿತ್ರ ಚೆನ್ನಾಯಿತು, ಟ್ಯಾಂಕು ಮುಳುಗಿಹೋಯಿತು. ಮೊದಲಿನ ಆ ಕೆಟ್ಟ ಪ್ರತಿಯನ್ನು ಅಳಿಸಬೇಡ, ಅಕ್ಕನಿಗೆ ಕಳಿಸು ಎಂದು ಹೇಳಿ ಅವರು ಎದ್ದರು.

ಕಳಿಸಿದ ಸ್ವಲ್ಪ ಹೊತ್ತಿಗೆ ಅಕ್ಕನ ಫೋನು ಬಂತು.

"ಆ ಟ್ಯಾಂಕಿನ ಪಕ್ಕದಲ್ಲೇ ಕಣೇ ನಾನು ಬಟ್ಟೆ ಒಣಗಹಾಕೋದು. ದಿನಾ ನಿನ್ನ ಕಡೆ ನೋಡ್ತೀನಿ. ಏನೂ ಕಾಣಲ್ಲ."

ಆ ಕಡೆ ಯಾರೋ ಕರೆದರೂ ಅಕ್ಕ ಈ ಸಲ ಫೋನು ಇಡಲಿಲ್ಲ.

ಕ್ಯಾಲೆಂಡರಿನ ಕೆಲಸ ಮುಗಿದ ಮೇಲೆ ಮಬ್ಬಕ್ಕ ಹೇಗೋ ಎರಡು ದಿನ ರಜೆ ಗಿಟ್ಟಿಸಿ ಬಸ್ಸು ಹತ್ತಿದಳು. ಅಕ್ಕನಿಗೆ ಈ ಸಲವೂ ರಜೆಯಿಲ್ಲ. ಪಾಳಿಯ ನಡುವೆ ಸಿಕ್ಕಷ್ಟೇ ಹೊತ್ತು. ಆಸ್ಪತ್ರೆಯ ಹಿಂದಿನ ಬೆಂಚಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತರು. ಅಕ್ಕನ ಕಿವಿಯ ಹಿಂದೆ ಕೂದಲು ನರೆತಿತ್ತು. ಹೇಳಬೇಕೆಂದು ಕೂಡಿಟ್ಟ ಮಾತುಗಳಲ್ಲಿ ಅರ್ಧ ಆಗ ನೆನಪಾಗಲೇ ಇಲ್ಲ. ವಾಪಸ್ ಬರುವಾಗ, ಬಸ್ಸಿನ ಕಿಟಕಿಗೆ ತಲೆಯಾನಿಸಿ, ಅವನ್ನೆಲ್ಲ ಒಬ್ಬಳೇ ಹೇಳಿಕೊಂಡಳು.